ಲಾಗೌಟ್ ಇರಲಿ, ತುಂಬಿದ ಅರ್ಜಿಯೂ ಉಳಿಯಲಿ

ಜಗಳೂರು ತಾಲ್ಲೂಕಿನ ಬಂಧುಗಳೇ, ಜಾತಿ-ಆದಾಯ ಪ್ರಮಾಣಪತ್ರದಿಂದ ಗೃಹಲಕ್ಷ್ಮಿಯವರೆಗೆ ನಮ್ಮ ಅರ್ಜಿಗಳನ್ನು ಈಗ ಹೆಚ್ಚಾಗಿ ನಾಡಕಚೇರಿ, ಗ್ರಾಮ ಒನ್ ಕೇಂದ್ರಗಳ ಕಂಪ್ಯೂಟರಿನಲ್ಲೇ ತುಂಬಿಸುತ್ತೇವೆ. ಅರ್ಧ ತುಂಬಿದ್ದು ಮಾಯವಾಗಿ, ಮತ್ತೆ ಲಾಗಿನ್ ಆಗಿ ಎಂಬ ಸೂಚನೆ ಬಂದರೆ ನಾವು 'ಸರ್ವರ್ ಪ್ರಾಬ್ಲಂ' ಎಂದುಕೊಂಡು ಸುಮ್ಮನಾಗುತ್ತೇವೆ. ಬಹಳ ಸಲ ಅಲ್ಲಿ ಸರ್ವರ್ ಕೆಟ್ಟಿರುವುದಿಲ್ಲ. ಪುಟ ತೆರೆದಾಗ, ಸಲ್ಲಿಸಿದಾಗ ಮಾತ್ರ ಸರ್ವರಿಗೆ ಸುದ್ದಿ ಮುಟ್ಟುತ್ತದೆ. ನಡುವೆ ಆಪರೇಟರ್ ವಿಳಾಸ ಟೈಪ್ ಮಾಡುತ್ತಿದ್ದರೂ ಹಲವು ತಂತ್ರಾಂಶಗಳಲ್ಲಿ ಅದು ಗೊತ್ತಾಗುವುದಿಲ್ಲ. ನಿಗದಿತ ನಿಮಿಷ ಕಳೆದರೆ ಎದುರಿಗೆ ಯಾರೂ ಇಲ್ಲವೆಂದೇ ಲೆಕ್ಕ ಹಾಕಿ ಲಾಗೌಟ್ ಮಾಡಿಬಿಡುತ್ತದೆ. ಸೊಕ್ಕೆ, ಬಿಳಿಚೋಡು ಕಡೆಯಿಂದ ಕೂಲಿ ಬಿಟ್ಟು ಬಂದ ತಾಯಿ, ಊರಲ್ಲಿರುವ ಮಗನ ಫೋನಿಗೆ ಬಂದ ಓಟಿಪಿ ಕೇಳಿ ಹೇಳುವಷ್ಟರಲ್ಲಿ ಗಡುವು ಮುಗಿದರೆ ಎಲ್ಲವೂ ಮೊದಲಿನಿಂದ ಶುರು. ಅವರ ಒಂದು ದಿನದ ಕೂಲಿಗೆ ಯಾರು ಹೊಣೆ?

ಹಾಗೆಂದು ಲಾಗೌಟನ್ನೇ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಹತ್ತಾರು ಜನ ಬಂದುಹೋಗುವ ಕಡೆ ಒಬ್ಬರ ಆಧಾರ್, ಬ್ಯಾಂಕ್ ಖಾತೆಯ ವಿವರ ತೆರೆದಿಟ್ಟ ಪುಟದಲ್ಲಿ ಉಳಿಯುವುದು ಅಪಾಯವೇ. ಆದರೆ ಬಾಗಿಲು ಹಾಕುವುದು ಬೇರೆ, ಒಳಗಿನ ಕೆಲಸ ಅಳಿಸುವುದು ಬೇರೆ. ಜಾಲತಾಣಗಳು ಎಲ್ಲರಿಗೂ ನಿಲುಕುವಂತಿರಲು 2008ರಲ್ಲಿ ಬಂದ ಡಬ್ಲ್ಯುಸಿಎಜಿ 2.0 ಮಾನದಂಡ ಇದಕ್ಕೆ ದಾರಿ ತೋರಿಸಿದೆ: ಗಡುವು ಮುಗಿಯುವ ಮೊದಲೇ ಎಚ್ಚರಿಸಿ, ಒಂದು ಕೀಲಿ ಒತ್ತಿ ಅವಧಿ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡುವುದು. ಇದು ಅದರ ತಳಹಂತದ ನಿಯಮ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯೂ ಈ ಮಾನದಂಡದ ಮುಂದಿನ ಆವೃತ್ತಿಯನ್ನು ಅನುಸರಿಸುತ್ತದೆ. ಮತ್ತೆ ಲಾಗಿನ್ ಆದಾಗ ತುಂಬಿದ್ದೆಲ್ಲ ಹಾಗೇ ಸಿಗಬೇಕೆಂಬುದು ಅದೇ ಮಾನದಂಡದ ಮೇಲ್ಹಂತದ ನಿಯಮ. ಅರ್ಜಿ ಉಳಿಸಿಟ್ಟರೆ ಗುಟ್ಟು ಸೋರುತ್ತದೆ ಎಂಬ ಆಕ್ಷೇಪ ಬರಬಹುದು. ಕೇಂದ್ರದ ಕಂಪ್ಯೂಟರಿನಲ್ಲಿ ಉಳಿಸಿದರೆ ಸೋರೀತು, ನಿಜ. ಸರ್ವರಿನಲ್ಲೇ ಉಳಿಸಿ, ಲಾಗಿನ್ ಆದವರಿಗೆ ಮಾತ್ರ ತೋರಿಸಿದರೆ ಆ ಭಯ ಕಡಿಮೆ. ಬ್ಯಾಂಕ್ ಹಣ ವರ್ಗಾವಣೆಯ ಪುಟಕ್ಕೆ ಬಿಗಿ ಗಡುವು ಬೇಕು, ಒಪ್ಪೋಣ. ಉದ್ದನೆಯ ಅರ್ಜಿಗೂ ಅದೇ ಗಡುವು ಯಾಕೆ?

ಅದಕ್ಕೇ ಈ ಮನವಿ. ಅರ್ಜಿ ಅಳಿಸಿಹೋದರೆ ಆಪರೇಟರ್ ಮೇಲೆ ರೇಗಬೇಡಿ, ಗಡುವು ಇಟ್ಟವರು ಅವರಲ್ಲ. ಸರ್ಕಾರದ 1902 ಸಹಾಯವಾಣಿಗೆ ಫೋನ್ ಮಾಡಿ, ಗ್ರಾಮಸಭೆಯಲ್ಲೂ ದೂರು ಬರೆಸಿ. ಬರೀ 'ಸರ್ವರ್ ಇಲ್ಲ' ಎನ್ನಬೇಡಿ. ಯಾವ ಸೇವೆ, ಯಾವ ಪುಟ, ಎಷ್ಟು ನಿಮಿಷಕ್ಕೆ ಮುಚ್ಚಿತು, ಮುಂಚೆ ಎಚ್ಚರಿಕೆ ಬಂತೇ ಇಲ್ಲವೇ, ಇಷ್ಟನ್ನೂ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.