ಕಲ್ಲಿನ ಗೋಡೆ ದಾಟದ ವೈಫೈ

ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಳೆಯ ಮನೆಗಳಲ್ಲಿ ಕಲ್ಲಿನ ಗೋಡೆ ದಪ್ಪ. ಬೇಸಿಗೆಗೆ ತಂಪು, ವೈಫೈಗೆ ಮಾತ್ರ ಅಡ್ಡಿ. ಕಲ್ಲು ರೇಡಿಯೊ ಅಲೆಗಳನ್ನು ಹೀರುತ್ತದೆ, ತೇವಗೊಂಡರೆ ಇನ್ನೂ ಹೆಚ್ಚು. ಪಡಸಾಲೆಯ ಮೊಬೈಲಿಗೆ ಚೆನ್ನಾಗಿ ಸಿಗುವ ನೆಟ್, ಒಳಕೋಣೆಯ ಡೆಸ್ಕ್‌ಟಾಪಿನಲ್ಲಿ ಪರೀಕ್ಷೆ ಶುಲ್ಕ ಕಟ್ಟುವಾಗಲೇ ಕಡಿದುಹೋಗುತ್ತದೆ.

'ದೊಡ್ಡ ಪ್ಲಾನ್ ಹಾಕಿಸಿದರೆ ಸರಿಹೋಗುತ್ತದೆ' ಎಂಬುದು ತಪ್ಪು ತಿಳಿವಳಿಕೆ. ಅದರಿಂದ ಹೆಚ್ಚುವುದು ರೂಟರಿನವರೆಗಿನ ವೇಗ, ಗೋಡೆಯೇನೂ ತೆಳ್ಳಗಾಗುವುದಿಲ್ಲ.

ಮೊದಲು ಮೊಬೈಲನ್ನು ಕಂಪ್ಯೂಟರಿನ ಪಕ್ಕದಲ್ಲೇ ಹಿಡಿದು ನೋಡಿ. ಅದಕ್ಕೂ ಸಿಗದಿದ್ದರೆ ರೂಟರಿನ ಜಾಗ ಬದಲಿಸಿ. ಅದಕ್ಕೆ ಸಿಕ್ಕರೆ ಸಿಪಿಯು ಡಬ್ಬಿಯ ಹಿಂಬದಿ ನೋಡಿ: ವೈಫೈ ಡಾಂಗಲ್ ತಗಡಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿರಬಹುದು. ಪಕ್ಕದಲ್ಲೇ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಇದ್ದರೆ ಅದರ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ ಕೆಡಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ವಿವರಿಸಿತ್ತು. ಯುಎಸ್‌ಬಿ ಎಕ್ಸ್‌ಟೆನ್ಷನ್ ವಯರ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ತನ್ನಿ. 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚಾದರೂ ಕಲ್ಲಿನ ಎದುರು ಅದು ಬೇಗ ಸೋಲುತ್ತದೆ.

ಹೇಗೂ ಡೆಸ್ಕ್‌ಟಾಪ್ ಇದ್ದಲ್ಲೇ ಇರುವಂಥದ್ದು. ಅದಕ್ಕೆ ಲ್ಯಾನ್ ಕೇಬಲ್ಲೇ ಲೇಸು. 100 ಮೀಟರ್‌ವರೆಗೂ ಎಳೆಯಬಹುದು, ಬಾಗಿಲ ಸಂದಿಯಲ್ಲಿ ತೂರಿಸಿದರೂ ಸಾಕು.