ಬಂಡಿಯನ್ನು ಎತ್ತರಿಸುವ ವಿಚಾರ

ಪಿಕಪ್ ಮೋಟಾರು ಬಂಡಿಯನ್ನು ಕೊಂಡ ಮನೆಗಳಲ್ಲಿ ಈಚೆಗೆ ಒಂದು ಚರ್ಚೆ ಏಳುವುದುಂಟು. ಸ್ಪ್ರಿಂಗುಗಳನ್ನು ಬದಲಾಯಿಸಿ ಬಂಡಿಯ ಒಡಲನ್ನು ಎರಡು ಮೂರು ಅಂಗುಲ ಮೇಲಕ್ಕೆತ್ತಿಸಿ, ದೊಡ್ಡ ಟಯರುಗಳನ್ನು ತೊಡಿಸಬೇಕೆಂಬುದು ತರುಣರ ಹಂಬಲ. ಅದೇತಕ್ಕೆಂಬುದು ಹಿರಿಯರ ಪ್ರಶ್ನೆ. ಈ ತಿಂಗಳು ವಾಚಕರೊಡನೆ ಆ ವಿಷಯವನ್ನೇ ವಿಚಾರಮಾಡಬೇಕೆಂದಿದ್ದೇವೆ.

ಈ ಪದ್ಧತಿಯು ಕೇವಲ ಷೋಕಿಯೆಂದು ಮೊದಲೇ ತೀರ್ಮಾನಿಸುವುದು ನ್ಯಾಯವಲ್ಲ. ಐಸ್‌ಲ್ಯಾಂಡ್ ದೇಶದಲ್ಲಿ ಚಳಿಗಾಲದ ಹಿಮದ ಬಯಲನ್ನು ದಾಟಬೇಕಾದವರಿಗೆ ದೊಡ್ಡ ಟಯರು ಅತ್ಯವಶ್ಯಕವಾದದ್ದು. ಅಲ್ಲಿ 1990ರಲ್ಲಿ ಆರಂಭವಾದ ಆರ್ಕ್ಟಿಕ್ ಟ್ರಕ್ಸ್ ಎಂಬ ಸಂಸ್ಥೆಯು ಟೊಯೋಟಾ ಹೈಲಕ್ಸ್ ಮೊದಲಾದ ಬಂಡಿಗಳಿಗೆ 38, 44 ಅಂಗುಲ ಎತ್ತರದ ಟಯರುಗಳನ್ನು ತೊಡಿಸುತ್ತದೆ. ಹಿಮದ ಮೇಲೆ ಅವುಗಳ ಗಾಳಿಯನ್ನು ಬಹಳ ಮಟ್ಟಿಗೆ ಇಳಿಸುವರು. ಒತ್ತಡವು ಚದರ ಅಂಗುಲಕ್ಕೆ 30 ಪೌಂಡಿನಿಂದ 4 ಪೌಂಡಿಗೆ ಇಳಿದರೆ, ನೆಲವನ್ನು ಮುಟ್ಟುವ ಟಯರಿನ ತಳವು ಲೆಕ್ಕಕ್ಕೆ ಏಳು ಪಟ್ಟಿಗೂ ಹೆಚ್ಚು ಹರವಾಗುವುದು. ಮರಳಿನಲ್ಲಿ ಒಂಟೆಯ ಪಾದದಂತೆ ಚಕ್ರವು ಹೂತುಹೋಗದೆ ಸಾಗುವುದು. ಆದರೆ ಅಲ್ಲಿಯ ಕೆಲಸ ಟಯರಿಗೇ ಮುಗಿಯುವುದಿಲ್ಲ. ಚಕ್ರದ ಮೇಲಿನ ತಗಡನ್ನು ಕತ್ತರಿಸಿ ಅಗಲಿಸುವರು. ಗೇರಿನ ಪ್ರಮಾಣವನ್ನು ತಿದ್ದುವರು. ಒಂದನ್ನು ಬದಲಾಯಿಸಿದವರು ಅದಕ್ಕೆ ಹೊಂದಿದ ಉಳಿದೆಲ್ಲವನ್ನೂ ಬದಲಾಯಿಸಬೇಕೆಂಬುದು ಅಲ್ಲಿಂದ ಕಲಿಯತಕ್ಕ ಪಾಠ.

ಅದೇ ಹೈಲಕ್ಸ್ 2022ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದಿತು. ಅದರ ಒಂದು ಮಾದರಿಗೆ ತಯಾರಕರು ಕೊಟ್ಟ ಟಯರಿನ ಅಳತೆ 265/65 ಆರ್ 17. ಎಂದರೆ ಸುಮಾರು 776 ಮಿಲಿಮೀಟರು ಎತ್ತರ. ಇದನ್ನು ತೆಗೆದು 285/70 ಆರ್ 17 ತೊಡಿಸಿದರೆ ಎತ್ತರವು 831 ಆಗುವುದು. ಹೆಚ್ಚಿದ 55 ಮಿಲಿಮೀಟರಿನಲ್ಲಿ ಅರ್ಧವು ಅಚ್ಚಿನ ಮೇಲ್ಭಾಗಕ್ಕೆ ಸೇರಿದ್ದು; ಆದಕಾರಣ ಅಚ್ಚು ನೆಲದಿಂದ ಏರುವುದು ಬರಿಯ ಒಂದು ಅಂಗುಲದಷ್ಟು. ಸ್ಪ್ರಿಂಗನ್ನು ಎತ್ತರಿಸಿದರಂತೂ ಒಡಲು ಮಾತ್ರ ಮೇಲಾಗುವುದೇ ಹೊರತು, ಕಲ್ಲಿಗೆ ಮೊದಲು ತಗಲುವ ಹಿಂದಿನ ಅಚ್ಚಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲಿಯೇ ಇರುವುದು.

ಈ ಒಂದು ಅಂಗುಲಕ್ಕೆ ತೆರುವ ಬೆಲೆಯೇನು? ಚಕ್ರವು ನೂರಕ್ಕೆ ಏಳರಷ್ಟು ಹಿರಿದಾದ್ದರಿಂದ, ವೇಗದ ಮುಳ್ಳು 80 ತೋರಿಸುವಾಗ ನಿಜವಾದ ವೇಗವು ಮೊದಲಿಗಿಂತ 5 ಕಿಲೋಮೀಟರಿಗೂ ಹೆಚ್ಚಾಗಿರುವುದು. ಎಂಜಿನ್ನಿನ ಎಳೆತವೂ ಬ್ರೇಕಿನ ಹಿಡಿತವೂ ಅದೇ ಪ್ರಮಾಣದಲ್ಲಿ ನೆಲಕ್ಕೆ ಕಡಮೆ ಮುಟ್ಟುವುವು.

ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿಯು ಓರೆಯಾದ ದಾರಿಯಲ್ಲಿ ಮಗುಚುವುದನ್ನು ಹಳ್ಳಿಗರೆಲ್ಲ ಬಲ್ಲರು. ಎರಡು ಚಕ್ರಗಳ ನಡುವಣ ಅಂತರದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಬಂಡಿಯ ಸ್ಥಿರತೆಯ ಅಂಕ ದೊರೆಯುವುದು. ಅರ್ಧವು 30 ಅಂಗುಲ, ಎತ್ತರವು 28 ಅಂಗುಲವೆಂದಿಟ್ಟುಕೊಂಡರೆ ಅಂಕವು 1.07, ಭಾರಕೇಂದ್ರವು 3 ಅಂಗುಲ ಏರಿದರೆ ಅದು 0.97ಕ್ಕೆ ಇಳಿಯುವುದು. ತಿರುವಿನಲ್ಲಿ ಥಟ್ಟನೆ ಚಕ್ರ ತಿರುಗಿಸಬೇಕಾಗಿ ಬಂದಾಗ ಈ ಅಂತರವು ಪ್ರಾಣಕ್ಕೆ ಸಂಬಂಧಿಸಿದ್ದು.

ಇದಕ್ಕಿಂತಲೂ ಮನೆವಂದಿಗರು ಚಿಂತಿಸತಕ್ಕ ವಿಷಯ ಇನ್ನೊಂದುಂಟು. ಎತ್ತರದಲ್ಲಿ ಕುಳಿತವರಿಗೆ ದೂರದ್ದು ಚೆನ್ನಾಗಿ ಕಾಣುವುದು ನಿಜ; ಹತ್ತಿರದ್ದು ಮರೆಯಾಗುವುದೂ ಅಷ್ಟೇ ನಿಜ. ನಡೆಸುವವರ ಕಣ್ಣಿನಿಂದ ಬಾನೆಟ್ಟಿನ ಮುಂದಂಚು ಆರಡಿ ಮುಂದೆ, ಒಂದೂವರೆ ಅಡಿ ತಗ್ಗಿನಲ್ಲಿ ಇದೆಯೆನ್ನೋಣ. ಆ ಅಂಚಿನ ಮೇಲೆ ಹಾಯುವ ನೋಟವು ನಾಲ್ಕಡಿ ಮುಂದಕ್ಕೆ ಹೋದಾಗ ಒಂದಡಿ ಕೆಳಗಿಳಿಯುವುದು. ಹಾಗಾಗಿ ಬಂಡಿಯು 3 ಅಂಗುಲ ಮೇಲಾದರೆ, ಮುಂಭಾಗದಲ್ಲಿ ಕಾಣದ ನೆಲವು ಇನ್ನೂ ಒಂದಡಿ ಬೆಳೆಯುವುದು. ಅಂಗಳದಲ್ಲಿ ಆಡುವ ಮಗುವು ನಿಲ್ಲಲು ಒಂದಡಿ ಸ್ಥಳ ಸಾಕು.

ಕಾನೂನಿನ ಮಾತೂ ಸ್ಪಷ್ಟವಾಗಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದವುಗಳಿಗೆ ವ್ಯತ್ಯಾಸವಾಗುವಂತೆ ಬಂಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಿಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ನಿಯಮಕ್ಕೆ ವಿರುದ್ಧವಾದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಉಂಟು.

ಮಳೆಗಾಲದಲ್ಲಿ ಕೆಸರಿನ ದಾರಿಯಲ್ಲಿ ತೋಟಕ್ಕೆ ಹೋಗಬೇಕಾದವರು ಏನು ಮಾಡಬೇಕು? ತಯಾರಕರು ಒಪ್ಪಿದ ಅಳತೆಯಲ್ಲಿಯೇ ಆಳವಾದ ಗೀರುಗಳುಳ್ಳ ಟಯರನ್ನು ಕೊಳ್ಳಲಿ, ಹೇರನ್ನು ಮಿತಿಯೊಳಗಿಡಲಿ, ನಾಲ್ಕು ಚಕ್ರಗಳಿಗೂ ಎಳೆತವುಳ್ಳ ಬಂಡಿಯನ್ನು ಆರಿಸಲಿ. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು.

ಇಷ್ಟಾದರೂ ಎತ್ತರಿಸಿಯೇ ತೀರಬೇಕೆನ್ನುವವರು, ಹಣ ಕೊಡುವ ಮೊದಲು ಒಂದು ಪರೀಕ್ಷೆಯನ್ನು ಮಾಡಿನೋಡಲಿ. ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ಮನೆಯೊಳಗಿಟ್ಟು, ನಡೆಸುವವರ ಪೀಠದಲ್ಲಿ ಕುಳಿತುಕೊಳ್ಳಲಿ. ಮನೆಯ ಚಿಕ್ಕ ಮಗುವನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿ, ಅದರ ತಲೆ ಕಾಣಿಸುವವರೆಗೆ ಹಿಂದೆ ಹಿಂದೆ ಸರಿಯುವಂತೆ ಹೇಳಲಿ. ಅದು ಎಷ್ಟು ಹೆಜ್ಜೆ ಸರಿಯಿತೆಂಬುದನ್ನು ಎಣಿಸಿದ ಮೇಲೆ ಮಿಕ್ಕ ಯೋಚನೆ ಮಾಡಲಿ.