ಐವತ್ತರ ನಂತರ ನಾಲ್ಕು ತಂತಿ

ಅರವತ್ತನ್ನು ಸಮೀಪಿಸಿದ ವರ್ತಕನೊಬ್ಬ ಯುಕುಲೇಲಿ ಕಲಿಯಲು ಹೊರಟನೆಂದರೆ ಪೇಟೆಯಲ್ಲಿ ನಗೆಯೇಳುವುದು ಸಹಜ. ದೂರದ ಹವಾಯಿಯ, ಮಕ್ಕಳ ಆಟಿಕೆಯಂತೆ ಕಾಣುವ ವಾದ್ಯಕ್ಕೂ ಕಿರ್ದಿ-ಖಾತೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ಆದರೆ ಈ ವಾದ್ಯ ಹುಟ್ಟಿದ್ದೇ ಸಣ್ಣ ಉದ್ದಿಮೆದಾರರ ಕೈಯಲ್ಲಿ.

1879ರ ಆಗಸ್ಟ್‌ನಲ್ಲಿ ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪದಿಂದ ನೂರಾರು ವಲಸಿಗರನ್ನು ಹೊನೊಲುಲುವಿಗೆ ತಂದಿಳಿಸಿತು. ಕಬ್ಬಿನ ತೋಟದ ದುಡಿಮೆಗೆಂದು ಬಂದ ಅವರ ನಡುವೆ ಮನುವೆಲ್ ನುನೆಸ್, ಅಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದ ನಿಪುಣರಿದ್ದರು. ಕೆಲ ವರ್ಷಗಳಲ್ಲೇ ಅವರು ಹೊನೊಲುಲುವಿನಲ್ಲಿ ಸ್ವಂತ ಅಂಗಡಿ ತೆರೆದು, ತಮ್ಮ ನಾಡಿನ ಪುಟ್ಟ ‘ಮಶೆಟ್’ ವಾದ್ಯವನ್ನು ಅಲ್ಲಿನ ಕೋವಾ ಮರದಲ್ಲಿ ಹೊಸದಾಗಿ ರೂಪಿಸಿದರು. ದೊರೆ ಕಲಾಕೌವಾ ಅದನ್ನು ಮೆಚ್ಚಿ ಪ್ರೋತ್ಸಾಹಿಸಿದನು. 1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದ ಬಳಿಕ ಅಮೆರಿಕದಲ್ಲಿ ಬೇಡಿಕೆ ಉಕ್ಕಿತು. ದೊಡ್ಡ ಕಾರ್ಖಾನೆಗಳು ಪೈಪೋಟಿಗಿಳಿದವು. ಆ ಪೈಪೋಟಿಯ ನಡುವೆಯೇ ಸ್ಯಾಮ್ಯುಯಲ್ ಕಮಾಕಾ 1916ರಲ್ಲಿ ಆರಂಭಿಸಿದ ಉದ್ದಿಮೆಯನ್ನು ಅವನ ವಂಶಸ್ಥರು ಇಂದಿಗೂ ನಡೆಸುತ್ತಿದ್ದಾರೆ. ನುನೆಸ್ ಹುಟ್ಟಿದ್ದು 1843ರಲ್ಲಿ. ಹೊಸ ನೆಲದಲ್ಲಿ ಅಂಗಡಿ ಹೂಡುವಾಗ ಅವನ ವಯಸ್ಸು ನಲವತ್ತರ ಆಸುಪಾಸು ಎಂಬುದನ್ನು ಗಮನಿಸಬೇಕು.

ಹೂಡಿಕೆದಾರ ವಾರೆನ್ ಬಫೆಟ್ ಯುಕುಲೇಲಿ ನುಡಿಸುವುದನ್ನು ಕೆಲವರು ಉದಾಹರಿಸುವುದುಂಟು. ಆದರೆ ಆತ ಕಲಿತದ್ದು ಯೌವನದಲ್ಲಿ. ಆ ಮಾತು ಇಲ್ಲಿ ಸಲ್ಲದು.

ವಾದ್ಯವೇನೋ ಕಲಿಯುವವನಿಗೆ ದಯೆ ತೋರುತ್ತದೆ. ನೈಲಾನ್ ತಂತಿಗಳು ಗಿಟಾರಿನ ಉಕ್ಕಿನ ತಂತಿಗಳಷ್ಟು ಬೆರಳನ್ನು ನೋಯಿಸವು. ಉಂಗುರದ ಬೆರಳಿನಿಂದ ಕೆಳಗಿನ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ ಮೊದಲ ದಿನವೇ ‘ಸಿ’ ಕಾರ್ಡ್ ಹೊರಡುತ್ತದೆ. ಬೆರಳು ದಪ್ಪವಿದ್ದವರು ಅತಿ ಚಿಕ್ಕದಾದ ಸೊಪ್ರಾನೊ ಬಿಟ್ಟು ಕನ್ಸರ್ಟ್ ಅಥವಾ ಟೆನರ್ ಗಾತ್ರ ಕೊಳ್ಳುವುದು ಮೇಲು. ಹೊಸ ತಂತಿಗಳು ಕೆಲವು ದಿನ ಸಡಿಲುತ್ತಲೇ ಇರುತ್ತವೆ. ಶ್ರುತಿ ನಿಲ್ಲದಿದ್ದರೆ ಅಂಗಡಿಯವನನ್ನು ದೂರಬೇಕಿಲ್ಲ. ಗಮಕದ ಆಸೆಯುಳ್ಳವರಿಗೆ ಮಾತ್ರ ಇದು ತಕ್ಕ ವಾದ್ಯವಲ್ಲ. ಅವರು ವೀಣೆಯತ್ತ ಹೊರಳುವುದೇ ಲೇಸು.

ಕಷ್ಟವಿರುವುದು ಬೇರೆಡೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಬೆರಳು ಸಾಗುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಮಗನಿಗಿಂತ ಕಿರಿಯನಾದ ಶಿಕ್ಷಕ ‘ಮತ್ತೊಮ್ಮೆ ನುಡಿಸಿ, ಸರ್’ ಎನ್ನುತ್ತಾನೆ. ಮೂವತ್ತು ವರ್ಷ ಗಲ್ಲಾದ ಮುಂದೆ ಕುಳಿತು ಇತರರ ತಪ್ಪು ಎಣಿಸಿದವರಿಗೆ ಈ ಒಂದು ಮಾತು ಬೆರಳ ನೋವಿಗಿಂತ ಹೆಚ್ಚು ಚುಚ್ಚುತ್ತದೆ. ಬಹುಪಾಲು ಹಿರಿಯರು ಕಲಿಕೆ ಬಿಡುವುದು ಈ ಹಂತದಲ್ಲೇ. ಹೇಳುವ ಕಾರಣ ಮಾತ್ರ ವೇಳೆಯ ಅಭಾವ.

ಅದೇ ಹಿರಿಯರ ಅಂಗಡಿಯಲ್ಲಿ ಮಗನೋ ಸೊಸೆಯೋ ಜಿಎಸ್‌ಟಿ ವಿವರಪತ್ರ ತುಂಬಲು, ದಾಸ್ತಾನಿನ ಲೆಕ್ಕ ಹಿಡಿಯಲು ಕಲಿಯುತ್ತಿರುತ್ತಾರೆ. ಒಂದು ಅಂಕಿ ತಪ್ಪಿದರೆ ಗಿರಾಕಿಗಳ ಎದುರೇ ಗದರಿಕೆ. ಹೊಸಬನಾಗಿರುವುದು ಎಂದರೇನು ಎಂಬುದನ್ನು ಯಜಮಾನರು ಮರೆತು ಎಷ್ಟೋ ಕಾಲವಾಗಿದೆ. ಬೀಗದ ಕೈ ಹಸ್ತಾಂತರವಾಗದೆ ಉಳಿದ ಮನೆತನಗಳಲ್ಲಿ ಈ ಮರೆವಿನ ಪಾಲು ಸಣ್ಣದಲ್ಲ. ದಿನಕ್ಕೆ ಹದಿನೈದು ನಿಮಿಷ ತಾನೂ ತಪ್ಪು ಮಾಡಿ ತಿದ್ದಿಸಿಕೊಳ್ಳುವವನು, ಮರುದಿನ ಮಗನ ತಪ್ಪನ್ನು ಬೇರೆ ದನಿಯಲ್ಲಿ ತಿದ್ದುವ ಸಂಭವವಿದೆ.

ವಾಣಿಜ್ಯ ಸಂಸ್ಥೆಗಳ ಸಭಾಂಗಣಗಳು ವಾರದ ಹೆಚ್ಚಿನ ಸಂಜೆಗಳಲ್ಲಿ ಖಾಲಿ ಇರುತ್ತವೆ. ಅಂಗಡಿ ಮುಚ್ಚಿದ ಮೇಲೆ, ವಾರಕ್ಕೊಮ್ಮೆ, ಐವತ್ತು ದಾಟಿದ ಸದಸ್ಯರಿಗಾಗಿ ಅಲ್ಲೊಂದು ತರಗತಿ ನಡೆಸಲು ತೊಡಕೇನೂ ಇಲ್ಲ. ಶಿಕ್ಷಕರ ಸಂಭಾವನೆಯನ್ನು ಕಲಿಯುವವರೇ ಹಂಚಿಕೊಳ್ಳಲಿ. ಸಂಸ್ಥೆಯ ನಿಧಿ ಮುಟ್ಟುವುದು ಬೇಡ. ನಡುವೆ ಬಿಟ್ಟುಹೋಗುವವರು ತಮ್ಮ ವಾದ್ಯವನ್ನು ಮುಂದಿನ ತಂಡದವರಿಗೆ ಅರ್ಧ ಬೆಲೆಗೆ ಕೊಟ್ಟು ಹೋಗಬೇಕೆಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳಬಹುದು.